ಫೋನ್ ಹಚ್ಚಿ ನೋಡು

ಹದಿನಾಲ್ಕು ಪುಟ, ಎರಡೂ ಬದಿ ಅಚ್ಚು. ಮೊದಲ ಪುಟದ ಮೇಲೆ ದಪ್ಪ ಅಕ್ಷರದಲ್ಲಿ ‘ತಿಳಿವಳಿಕೆಯುಕ್ತ ಸಮ್ಮತಿ ನಮೂನೆ’ ಅಂತ ಇತ್ತು. ಕಳಿಸಿದವಳು ಬೆಳಗಾವಿಯಲ್ಲಿ ಸಂಶೋಧನೆಯ ಕೆಲಸದಲ್ಲಿರುವ ನನ್ನ ಹಳೇ ಗೆಳತಿ. ಬಸುರಿಯರಿಗೆ ಕೊಡುವ ಹೊಸ ಲಸಿಕೆಯೊಂದನ್ನು ಪರೀಕ್ಷೆ ಮಾಡುವ ಯೋಚನೆ ನಡೆದಿದೆ. ಸೇರುವ ಹೆಂಗಸರು ಓದಿ ಸಹಿ ಮಾಡಬೇಕಾದ ಕಾಗದದ ಕರಡು ಇದು. ‘ನೀ ಕನ್ನಡ ಕಲಸಾಕಿ. ಇದು ನಮ್ಮ ಹೆಣ್ಮಕ್ಕಳಿಗೆ ತಿಳಿತೈತೇನು ನೋಡು. ಮೂರ್ನಾಕು ಮಂದಿ ಬಸುರಿ ಹೆಂಗಸರ ಮುಂದ ಓದು. ಅವರು ಏನಂತಾರ, ಹಂಗ ಬರಕೊ. ತಿದ್ದಬ್ಯಾಡ’ ಅಂದಿದ್ದಳು ಫೋನಿನಲ್ಲಿ.

ಯಾವ ಲಸಿಕೆ, ಯಾರ ಲಸಿಕೆ ಅಂತ ಬರೆಯುವುದಿಲ್ಲ. ಮಾತು ಕೊಟ್ಟಿದ್ದೇನೆ. ಹೆಂಗಸರು ಅಂದದ್ದನ್ನು ಬರೆಯಬೇಡ ಅಂತ ಮಾತ್ರ ಅವಳು ಹೇಳಿಲ್ಲ.

ನಮ್ಮ ಮನೆ ಬಾಗಲಕೋಟೆಯ ನವನಗರದಲ್ಲಿ. ಶ್ರಾವಣದ ಒಂದು ಮಧ್ಯಾಹ್ನ, ಊಟ ಆದ ಮೇಲೆ ಪಡಸಾಲೆಯಲ್ಲಿ ಕೂತೆವು. ನಾದಿನಿಗೆ ಏಳು ತಿಂಗಳು. ಬೆಳಗಾವಿಯ ಗಂಡನ ಮನೆಯಿಂದ ಹೆರಿಗೆಗೆ ತವರಿಗೆ ಬಂದಿದ್ದಳು. ಕುಬಸ ಮುಗಿದು ವಾರವಾಗಿತ್ತು, ಕೈತುಂಬ ಹಸಿರು ಬಳೆ. ಪಕ್ಕದ ಮನೆಯ ಸೊಸೆಗೆ ಐದು ತಿಂಗಳು, ಎರಡನೆಯದು. ಪಾತ್ರೆ ತಿಕ್ಕಲು ಬರುವಾಕೆ ವಿಜಯಪುರ ಕಡೆಯ ತಾಂಡಾದವಳು, ನಾಲ್ಕು ತಿಂಗಳು. ಆಶಾ ಅಕ್ಕ ನಾದಿನಿಯ ತಾಯಿ ಕಾರ್ಡ್ ನೋಡಲು ಬಂದವರು, ಚಹಾ ಕುಡಿಯುವ ನೆಪದಲ್ಲಿ ಉಳಿದರು. ಅತ್ತೆ ಮೊರದಲ್ಲಿ ಶೇಂಗಾ ಹಾಕಿಕೊಂಡು ಸುಲಿಯುತ್ತಿದ್ದರು. ಅವರನ್ನು ನಾನು ಕರೆದಿರಲೇ ಇಲ್ಲ. ಆದರೆ ಆ ದಿನ ಎಲ್ಲರಿಗಿಂತ ಜಾಸ್ತಿ ಮಾತಾಡಿದ್ದು ಅವರೇ.

ಮೊದಲ ಸಾಲು ಓದಿದೆ. ‘ಈ ಪ್ರಯೋಗದಲ್ಲಿ ಭಾಗವಹಿಸಲು ನಿಮ್ಮನ್ನು ಆಹ್ವಾನಿಸಲಾಗಿದೆ.’

‘ಪ್ರಯೋಗ ಅಂದ್ರ? ಮಾಟಾನ?’ ಅಂದರು ಅತ್ತೆ, ಶೇಂಗಾದಿಂದ ತಲೆ ಎತ್ತದೆ.

ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ಯೋಚನೆಯಾಯಿತು. ಇಪ್ಪತ್ತು ವರ್ಷ ಕನ್ನಡ ಪಾಠ ಮಾಡಿದ್ದೇನೆ, ಈ ಅರ್ಥ ನನಗೆ ಹೊಳೆದೇ ಇರಲಿಲ್ಲ. ನಮ್ಮ ಕಡೆ ‘ಅವರ ಮ್ಯಾಲೆ ಪ್ರಯೋಗ ಆಗೇತಿ’ ಅಂದರೆ ನಿಂಬೆಹಣ್ಣು, ಕುಂಕುಮ ಕಣ್ಣಿಗೆ ಬರುತ್ತವೆ, ಲ್ಯಾಬು ಬರುವುದಿಲ್ಲ. ಹೊಟ್ಟೆಯಲ್ಲಿ ಕೂಸು ಇಟ್ಟುಕೊಂಡವಳ ಮುಂದೆ ಇಡುವ ಮೊದಲ ಶಬ್ದವೇ ಇದು. ಅಂಚಿನಲ್ಲಿ ಬರೆದುಕೊಂಡೆ: ‘ಪ್ರಯೋಗ ಬೇಡ. ಲಸಿಕೆಯ ಪರೀಕ್ಷೆ ಅನ್ನಿ.’

ಮುಂದೆ ‘ಯಾದೃಚ್ಛಿಕ ಹಂಚಿಕೆ’ ಬಂತು. ಬಾಯಿಗೇ ಬರದ ಶಬ್ದ. ಚೀಟಿ ಎತ್ತಿದ ಹಾಗೆ ಅಂತ ಹೇಳಿದೆ. ಅರ್ಧ ಜನರಿಗೆ ಲಸಿಕೆ, ಅರ್ಧ ಜನರಿಗೆ ಔಷಧವಿಲ್ಲದ ಉಪ್ಪುನೀರಿನ ಸೂಜಿ. ಯಾರಿಗೆ ಯಾವುದು ಅಂತ ಚೀಟಿ ತೀರ್ಮಾನ ಮಾಡುತ್ತದೆ.

‘ನನಗ ಯಾವುದು ಬಂತು ಅಂತ ಹೇಳ್ತಾರೇನು ವೈನಿ?’ ನಾದಿನಿ ಕೇಳಿದಳು.

‘ಕಡೀತನಕ ಹೇಳೂದಿಲ್ಲ.’

‘ಡಾಕ್ಟರಿಗೆ ಗೊತ್ತಿರತೈತಿ?’

‘ಅವರಿಗೂ ಗೊತ್ತಿರೂದಿಲ್ಲ.’

ತಾಂಡಾದವಳು ಥಟ್ಟನೆ ಅಂದಳು: ‘ಹಂಗಾರ ನನಗ ಉಪ್ಪನೀರಿಂದ ಕೊಡಾಕ ಹೇಳ್ರಿ ಅಕ್ಕಾರ. ಅದ್ರಾಗ ಹೆದ್ರಿಕಿ ಇಲ್ಲ.’

ನಗು ಬಂತು. ಆದರೆ ಅವಳ ಲೆಕ್ಕದಲ್ಲಿ ತಪ್ಪೇನಿದೆ? ಅಪಾಯ ಇಲ್ಲದ್ದನ್ನು ಕೊಡಿ ಅಂದಳು. ಎಲ್ಲರೂ ಹಾಗೇ ಅಂದರೆ ಪರೀಕ್ಷೆಯೇ ನಡೆಯುವುದಿಲ್ಲ. ಆದರೆ ಪರೀಕ್ಷೆ ನಡೆಸಿಕೊಡುವುದು ಅವಳ ಕೆಲಸ ಅಲ್ಲವಲ್ಲ.

‘ಎಲ್ಲಾ ಸರಿ, ನನಗ ಬ್ಯಾನಿನ ಇಲ್ಲ, ಸೂಜಿ ಯಾಕ?’ ಇದು ಪಕ್ಕದ ಮನೆಯವಳ ಪ್ರಶ್ನೆ. ಕಾಗದದಲ್ಲಿ ಇದಕ್ಕೆ ಒಂದೂವರೆ ಪುಟದ ಉತ್ತರವಿತ್ತು. ಆಶಾ ಅಕ್ಕ ಅರ್ಧ ನಿಮಿಷದಲ್ಲಿ ಹೇಳಿದರು. ‘ನಿನಗ ಟಿಡಿ ಸೂಜಿ ಮಾಡಿಲ್ಲೇನು? ಅವಾಗ ಬ್ಯಾನಿ ಇತ್ತೇನು? ಅವ್ವಗ ಮಾಡಿದ್ರ ಕರುಳಬಳ್ಳಿ ಹಿಡದು ಕೂಸಿಗೆ ಶಕ್ತಿ ಹೋಕ್ಕೈತಿ. ಹುಟ್ಟಿದ ಕೂಸಿಗೆ ತನ್ನದ ಶಕ್ತಿ ಬರೂತನಕ ಅವ್ವಂದ ಕಾಯತೈತಿ.’ ಇದಕ್ಕಿಂತ ಚೆನ್ನಾಗಿ ಹೇಳಲು ನನಗೆ ಬರುವುದಿಲ್ಲ. ತಾಯಿಯ ರಕ್ತದಲ್ಲಿರುವ, ರೋಗದ ವಿರುದ್ಧ ಹೋರಾಡುವ ಪ್ರತಿಕಾಯಗಳು ಬಸುರಿನ ಕೊನೆಯ ಮೂರು ತಿಂಗಳಲ್ಲಿ ಜಾಸ್ತಿಯಾಗಿ ಕೂಸಿಗೆ ದಾಟುತ್ತವೆ. ಹುಟ್ಟಿದ ತಕ್ಷಣ ಕೂಸಿಗೇ ಲಸಿಕೆ ಹಾಕಿದರೆ ಅದರ ಮೈ ಸರಿಯಾಗಿ ಕಲಿಯುವಷ್ಟರಲ್ಲಿ ಮೊದಲ ಕೆಲವು ತಿಂಗಳು ಕಳೆದುಹೋಗುತ್ತವೆ. ಜೀವಕ್ಕೆ ಜಾಸ್ತಿ ಅಪಾಯ ಇರುವುದು ಅದೇ ತಿಂಗಳುಗಳಲ್ಲಿ.

ಟಿಡಿ ಅಂದದ್ದೇ ಅತ್ತೆಗೆ ತಮ್ಮ ಅವ್ವನ ನೆನಪಾಯಿತು. ಅವರ ಅವ್ವನಿಗೆ ಹುಟ್ಟಿದ ಎರಡು ಕೂಸುಗಳು ವಾರ ತುಂಬುವಷ್ಟರಲ್ಲಿ ಹೋದವಂತೆ. ಚೆನ್ನಾಗಿ ಮೊಲೆ ಕುಡಿಯುತ್ತಿದ್ದ ಕೂಸು ಒಮ್ಮೆಲೇ ಬಾಯಿ ಬಿಗಿಹಿಡಿಯುತ್ತಿತ್ತು, ಮೈ ಬಿಲ್ಲಿನ ಹಾಗೆ ಬಾಗುತ್ತಿತ್ತು. ಹೊಕ್ಕುಳಬಳ್ಳಿ ಕೊಯ್ದದ್ದು ಕುಡುಗೋಲಿನಿಂದ. ಊರಲ್ಲಿ ಅದಕ್ಕೆ ದೆವ್ವ ಬಡಿದಿದೆ ಅಂದರು. ಅದು ಧನುರ್ವಾಯು, ಟಿಡಿ ಸೂಜಿ ತಡೆಯುವ ಕಾಯಿಲೆ.

ಅತ್ತೆಗೆ ಒಂದು ವಿಷಯ ಹೇಳಿದೆ. ಆ ಸೂಜಿಯನ್ನೂ ಯಾರೋ ಬಸುರಿಯರು ಮೊದಲು ಹಾಕಿಸಿಕೊಂಡಿದ್ದರು. 1960ರ ಆಸುಪಾಸಿನಲ್ಲಿ ನ್ಯೂಗಿನಿಯ ಹಳ್ಳಿಗಳಲ್ಲಿ, ಆಮೇಲೆ ದಕ್ಷಿಣ ಅಮೆರಿಕದ ಕೊಲಂಬಿಯಾದಲ್ಲಿ. ಕೊಲಂಬಿಯಾದ ಪರೀಕ್ಷೆಯ ಫಲಿತಾಂಶ 1966ರಲ್ಲಿ ಬಂತು. ಎರಡು ಅಥವಾ ಮೂರು ಸಲ ಸೂಜಿ ಹಾಕಿಸಿಕೊಂಡ ತಾಯಂದಿರ ಕೂಸುಗಳಲ್ಲಿ ಒಂದೂ ಧನುರ್ವಾಯುವಿನಿಂದ ಸಾಯಲಿಲ್ಲ. ನಮ್ಮ ದೇಶದಲ್ಲಿ ಬಾಣಂತಿ ಮತ್ತು ನವಜಾತ ಶಿಶುಗಳ ಧನುರ್ವಾಯು ತೊಲಗಿತು ಅಂತ ಘೋಷಣೆಯಾದದ್ದು 2015ರಲ್ಲಿ. ಪೂರ್ತಿ ಇಲ್ಲವಾಯಿತು ಅಂತಲ್ಲ, ಪ್ರತಿ ಜಿಲ್ಲೆಯಲ್ಲೂ ಸಾವಿರ ಹೆರಿಗೆಗೆ ಒಂದಕ್ಕಿಂತ ಕಡಿಮೆಗೆ ಇಳಿಯಿತು ಅಂತ. ಸ್ವಚ್ಛ ಹೆರಿಗೆಯದ್ದೂ ಅದರಲ್ಲಿ ಪಾಲಿದೆ.

ಅತ್ತೆ ಶೇಂಗಾ ಸುಲಿಯುವುದನ್ನು ನಿಲ್ಲಿಸಿದರು. ‘ಆ ಕೊಲಂಬಿಯಾದಾಕಿಗೆ ಯಾರು ಧೈರ್ಯ ಹೇಳಿದ್ರೋ ಏನೋ’ ಅಂದರು.

ಈಗ ನನ್ನ ಮಾತು ಸ್ವಲ್ಪ ಹೇಳಬೇಕು, ಯಾಕಂದರೆ ಈ ವಿಷಯದಲ್ಲಿ ನಾನು ಬರೀ ಓದಿ ಹೇಳುವವಳಲ್ಲ. 2021ರ ಮೇ ತಿಂಗಳಲ್ಲಿ ನಾನು ಎಂಟು ತಿಂಗಳ ಬಸುರಿ. ಕೋವಿಡ್‌ನ ಎರಡನೇ ಅಲೆ. ದಿನಾ ಯಾರದೋ ಮನೆಯ ಸುದ್ದಿ. ಹದಿನೆಂಟು ದಾಟಿದವರೆಲ್ಲರಿಗೂ ಲಸಿಕೆ ಅಂತ ಮೇ 1ರಿಂದ ಶುರುವಾಗಿತ್ತು. ನನಗೆ? ಡಾಕ್ಟರ್ ಮೇಡಂ ಪಾಪ ಕೈಚೆಲ್ಲಿದರು. ‘ಹಾಕಿಸ್ಕೊ ಅನ್ನಾಕೂ ಬರೂದಿಲ್ಲ, ಬ್ಯಾಡ ಅನ್ನಾಕೂ ಬರೂದಿಲ್ಲ. ಬಸುರಿಯರಿಗೆ ಇನ್ನೂ ಆದೇಶ ಬಂದಿಲ್ಲ.’ ಯಾಕೆ ಬಂದಿಲ್ಲ? ಲಸಿಕೆಯ ಮೊದಲ ದೊಡ್ಡ ಪರೀಕ್ಷೆಗಳಲ್ಲಿ ಬಸುರಿಯರನ್ನು ಸೇರಿಸಿಯೇ ಇರಲಿಲ್ಲ. ಸೇರಿಸದ ಮೇಲೆ ಮಾಹಿತಿ ಎಲ್ಲಿಂದ ಬರಬೇಕು?

ಮೇ 19ಕ್ಕೆ ಹಾಲುಣಿಸುವ ತಾಯಂದಿರು ಹಾಕಿಸಿಕೊಳ್ಳಬಹುದು ಅಂತ ಸರ್ಕಾರ ಹೇಳಿತು. ಬಸುರಿಯರಿಗೆ ಅನುಮತಿ ಸಿಕ್ಕಿದ್ದು ಜುಲೈ 2ಕ್ಕೆ. ನನ್ನ ಮಗಳು ಹುಟ್ಟಿದ್ದು ಜೂನ್‌ನಲ್ಲಿ. ಅಂದರೆ ಹಡೆಯುವ ಹಿಂದಿನ ದಿನದವರೆಗೆ ನನಗೆ ಬೇಡ, ಹಡೆದ ಮರುದಿನ ಸರಿ! ಆಸ್ಪತ್ರೆಯ ಮಂಚದ ಮೇಲೆ ಮಲಗಿ ಈ ಲೆಕ್ಕ ಹಾಕಿ ನಗಬೇಕೋ ಅಳಬೇಕೋ ತಿಳಿದಿರಲಿಲ್ಲ. ಬಸುರಿಯರಿಗೆ ಕೋವಿಡ್ ಬಂದರೆ ಐಸಿಯುಗೆ ಹೋಗುವ, ದಿನ ತುಂಬುವ ಮೊದಲೇ ಹೆರಿಗೆಯಾಗುವ ಅಪಾಯ ಉಳಿದವರಿಗಿಂತ ಜಾಸ್ತಿ ಅಂತ ಆಮೇಲೆ ಸ್ಪಷ್ಟವಾಗಿ ಗೊತ್ತಾಯಿತು.

ಆ ಎರಡು ತಿಂಗಳು ನಾನೂ ಒಂದು ಪರೀಕ್ಷೆಯಲ್ಲೇ ಇದ್ದೆ ಅಂತ ಈಗ ಅನಿಸುತ್ತದೆ. ಲಸಿಕೆ ಇಲ್ಲದೆ ಬದುಕುತ್ತಾಳೋ ಇಲ್ಲವೋ ಅನ್ನುವ ಪರೀಕ್ಷೆ. ಅದಕ್ಕೆ ಹದಿನಾಲ್ಕು ಪುಟದ ಕಾಗದ ಇರಲಿಲ್ಲ. ಯಾರೂ ಸಹಿ ಕೇಳಲಿಲ್ಲ, ಮೂರನೇ ದಿನ ಫೋನ್ ಮಾಡಿ ಜ್ವರ ಇದೆಯಾ ಅಂತ ವಿಚಾರಿಸಲಿಲ್ಲ, ಏನಾಯಿತು ಅಂತ ಎಲ್ಲಿಯೂ ಬರೆದಿಡಲಿಲ್ಲ. ನನ್ನಂಥವರು ದೇಶದ ತುಂಬ ಇದ್ದರು. ಒಬ್ಬೊಬ್ಬರೂ ಒಂಟಿಯಾಗಿ ತಮ್ಮ ಮೇಲೆ ತಾವೇ ಪರೀಕ್ಷೆ ಮಾಡಿಕೊಂಡೆವು.

ಹೊರಗಿಡುವ ಈ ರೂಢಿಗೆ ಒಂದು ಹಿನ್ನೆಲೆ ಇದೆ. ಥಾಲಿಡೊಮೈಡ್ ಅನ್ನುವ ಗುಳಿಗೆ 1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಮಾರಾಟಕ್ಕೆ ಬಂತು. ಬಸುರಿಯರು ವಾಕರಿಕೆಗೆ ನುಂಗಿದರು. 1961ರ ಕೊನೆಗೆ ಅದನ್ನು ಹಿಂದೆ ತೆಗೆದುಕೊಂಡರು, ಆದರೆ ಅದರಿಂದ ಬೇರೆ ಬೇರೆ ದೇಶಗಳಲ್ಲಿ ಹತ್ತು ಸಾವಿರಕ್ಕೂ ಜಾಸ್ತಿ ಮಕ್ಕಳು ಕೈಕಾಲು ಸರಿಯಾಗಿ ಬೆಳೆಯದೆ ಹುಟ್ಟಿದರು. ಅದರಿಂದ ಜಗತ್ತು ಕಲಿತ ಪಾಠ: ಬಸುರಿಯರನ್ನು ಪರೀಕ್ಷೆಗಳ ಹತ್ತಿರ ಬಿಡಬೇಡಿ. ಅಮೆರಿಕದಲ್ಲಂತೂ 1977ರಲ್ಲಿ, ಬಸುರಾಗಬಲ್ಲ ವಯಸ್ಸಿನ ಹೆಂಗಸರನ್ನೇ ಔಷಧದ ಆರಂಭದ ಪರೀಕ್ಷೆಗಳಿಂದ ಹೊರಗಿಡುವ ಸೂಚನೆ ಬಂತು. ಅದು ಬದಲಾಗಲು 1993 ಬರಬೇಕಾಯಿತು. ನನಗೆ ಮಾತ್ರ ಈ ಪಾಠ ತಲೆಕೆಳಗಾಗಿ ಕಾಣುತ್ತದೆ. ಆ ಮಕ್ಕಳ ತಾಯಂದಿರಲ್ಲಿ ಬಹುಪಾಲು ಜನ ಯಾವ ಪರೀಕ್ಷೆಗೂ ಸೇರಿರಲಿಲ್ಲ. ಅಂಗಡಿಯಲ್ಲಿ ಕೊಂಡ ಗುಳಿಗೆ ನುಂಗಿದ್ದರು. ಸರಿಯಾಗಿ ಪರೀಕ್ಷೆ ಮಾಡದೆ ಮಾರಿದ್ದು ಅಲ್ಲಿ ಆದ ತಪ್ಪು.

ಇದನ್ನೆಲ್ಲ ಪಡಸಾಲೆಯಲ್ಲಿ ಭಾಷಣ ಮಾಡಲಿಲ್ಲ. ಮಾಡಿದ್ದರೆ ಶೇಂಗಾ ನನ್ನ ಮೇಲೆ ಬೀಳುತ್ತಿತ್ತು. ಕಾಗದ ಮುಂದೆ ಓದಿದೆ.

‘ಪ್ರತಿ ಭೇಟಿಯಲ್ಲಿ 10 ಮಿಲಿ ಲೀಟರ್ ರಕ್ತದ ಮಾದರಿ.’ ಆಶಾ ಅಕ್ಕ ಸಿಡಿದರು. ‘ಹಿಮೋಗ್ಲೋಬಿನ್ ಎಂಟೈತಿ, ಒಂಬತ್ತೈತಿ ಅಂತ ನಾವು ಮನಿಮನಿಗೆ ಹೋಗಿ ಕಬ್ಬಿಣಾಂಶದ ಗುಳಗಿ ಕೊಡೂದು, ನೀವು ಬಂದು ರಕ್ತ ಎಳಕೊಳ್ಳೂದು!’ ಹತ್ತು ಮಿಲಿ ಅಂದರೆ ಎರಡು ಸಣ್ಣ ಚಮಚ ಅಂತ ಅಡುಗೆಮನೆಯಿಂದ ಚಮಚ ತಂದು ತೋರಿಸಿದೆ. ‘ಇಷ್ಟನ?’ ಅಂದಳು ಪಕ್ಕದ ಮನೆಯವಳು. ಅವಳ ತಲೆಯಲ್ಲಿ ಬಾಟಲಿ ಇತ್ತಂತೆ. ಕಾಗದದಲ್ಲಿ ಚಮಚದ ಲೆಕ್ಕ ಬರೆಯಿರಿ ಅಂತ ಗುರುತು ಹಾಕಿಕೊಂಡೆ.

‘ಹೆರಿಗೆಯ ನಂತರ ಒಂದು, ಮೂರು ಮತ್ತು ಆರನೇ ತಿಂಗಳಲ್ಲಿ ಅದೇ ಕೇಂದ್ರಕ್ಕೆ ಬರತಕ್ಕದ್ದು.’ ಇಲ್ಲಿ ಮೂವರೂ ತಲೆ ಅಲ್ಲಾಡಿಸಿದರು. ನಾದಿನಿಯ ಹೆಸರು ಬರೆಸಿರುವುದು ಬೆಳಗಾವಿಯಲ್ಲಿ, ಹೆರಿಗೆ ಬಾಗಲಕೋಟೆಯಲ್ಲಿ, ಬಾಣಂತನ ಮುಗಿಯುವವರೆಗೆ ಅವಳು ಎಲ್ಲಿಗೂ ಕದಲುವಂತಿಲ್ಲ. ತಾಂಡಾದವಳು ದೀಪಾವಳಿ ಆದ ಮೇಲೆ ಗಂಡನ ಜೊತೆ ಕಬ್ಬು ಕಡಿಯಲು ಹೋಗುತ್ತಾಳೆ. ಯಾವ ಊರು ಅಂತ ಕೂಲಿಗೆ ಕರೆದೊಯ್ಯುವ ಮುಕದ್ದಮ ಹೇಳುವವರೆಗೂ ಅವಳಿಗೇ ಗೊತ್ತಿರುವುದಿಲ್ಲ. ‘ನಮ್ಮ ಜೋಪಡಿಗೆ ಬಂದು ಕೂಸಿನ ನೋಡ್ತಾರೇನು?’ ಅಂದಳು. ಪುಟ ತಿರುವಿ ಹುಡುಕಿದೆ. ಇಲ್ಲ. ನಮ್ಮ ಹೆಂಗಸರು ತವರಿಗೆ ಹೋಗುತ್ತಾರೆ ಅನ್ನುವುದು ಈ ಕಾಗದ ಬರೆದವರಿಗೆ ಗೊತ್ತಿರಲಿಲ್ಲ ಅಂತ ಕಾಣುತ್ತದೆ. ಕನ್ನಡಕ್ಕೆ ಇಳಿಸಿದವರಿಗಾದರೂ ಗೊತ್ತಿರಬೇಕಿತ್ತು.

ಇಷ್ಟು ಹೊತ್ತಿಗೆ ನಾದಿನಿ ನನ್ನ ಕಡೆ ತಿರುಗಿ ಕೇಳಿದಳು. ‘ವೈನಿ, ಖರೆ ಹೇಳ್ರಿ. ಇಂಥಾದ್ರಾಗ ಯಾರಿಗರ ತ್ರಾಸ ಆಗೇತೇನು?’

ಹೇಳಬೇಕೋ ಬೇಡವೋ ಅಂತ ಒಂದು ಗಳಿಗೆ ಒದ್ದಾಡಿದೆ. ಏಳು ತಿಂಗಳ ಬಸುರಿ ಎದುರಿಗೆ ಕೂತಿದ್ದಾಳೆ. ಅತ್ತೆ ನನ್ನ ಕಡೆಯೇ ನೋಡುತ್ತಿದ್ದಾರೆ. ಆದರೆ ಮುಚ್ಚಿಟ್ಟರೆ ಈ ಹದಿನಾಲ್ಕು ಪುಟ ಓದಿದ್ದೇ ಸುಳ್ಳಾಗುತ್ತದೆ ಅಲ್ವಾ? ಹೇಳಿದೆ.

ಆರ್‌ಎಸ್‌ವಿ ಅಂತ ಒಂದು ವೈರಸ್. ಆರೋಗ್ಯವಾಗಿರುವ ದೊಡ್ಡವರಿಗೆ ಸಾಮಾನ್ಯವಾಗಿ ನೆಗಡಿ ಅಷ್ಟೆ. ಎಳೇ ಕೂಸುಗಳಿಗೆ ಉಸಿರಾಟವೇ ಕಷ್ಟವಾಗುತ್ತದೆ. ಅದಕ್ಕೆ ತಾಯಿಗೆ ಕೊಡುವ ಲಸಿಕೆಯನ್ನು ಎರಡು ದೊಡ್ಡ ಕಂಪನಿಗಳು ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಪರೀಕ್ಷೆ ಮಾಡಿದವು. ಫೈಜರ್ ಕಂಪನಿಯ ಪರೀಕ್ಷೆಯಲ್ಲಿ 18 ದೇಶಗಳ ಸುಮಾರು 7400 ಬಸುರಿಯರು ಸೇರಿದರು. ಕೂಸಿನ ಮೊದಲ ಮೂರು ತಿಂಗಳಲ್ಲಿ ಆ ವೈರಸ್ಸಿನಿಂದ ಬರುವ ಗಂಭೀರ ಕಾಯಿಲೆ ಶೇಕಡಾ 82ರಷ್ಟು ಕಡಿಮೆಯಾಯಿತು. 2023ರ ಆಗಸ್ಟ್‌ನಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿತು. ಆದರೆ ದಿನ ತುಂಬುವ ಮೊದಲೇ ಹೆರಿಗೆಯಾಗುವ ಸಣ್ಣ ಅನುಮಾನಕ್ಕೂ ಜಾಗ ಬೇಡ ಅಂತ, 32ರಿಂದ 36 ವಾರದ ನಡುವೆ ಮಾತ್ರ ಕೊಡಬೇಕು ಅಂತ ಗೆರೆ ಎಳೆಯಿತು. ಇನ್ನೊಂದು ಜಿಎಸ್‌ಕೆ ಕಂಪನಿಯದು. ಅದನ್ನು 2022ರ ಫೆಬ್ರವರಿಯಲ್ಲಿ ನಡುವೆಯೇ ನಿಲ್ಲಿಸಿದರು. ಲಸಿಕೆ ಪಡೆದವರಲ್ಲಿ ನೂರಕ್ಕೆ 6.8 ಕೂಸುಗಳು ದಿನ ತುಂಬದೆ ಹುಟ್ಟಿದ್ದವು, ಲಸಿಕೆ ಇಲ್ಲದ ಸೂಜಿ ಪಡೆದವರಲ್ಲಿ 4.9. ಈ ಅಂತರ ಜಾಸ್ತಿ ಕಂಡದ್ದು ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ. ಯಾಕೆ ಹಾಗಾಯಿತು ಅನ್ನುವ ಕಾರಣ ಸಿಗಲಿಲ್ಲ.

ಪಡಸಾಲೆ ಸುಮ್ಮನಾಯಿತು. ಹೆದರಿಸಿಬಿಟ್ಟೆ ಅಂದುಕೊಂಡೆ.

‘ಅಂದ್ರ ಯಾರೋ ಎಣಿಸ್ಕೋತ ಕುಂತಿದ್ರು’ ಅಂದಳು ನಾದಿನಿ ನಿಧಾನಕ್ಕೆ. ‘ಎಣಿಸಿದ್ರು ಅಂತ ಗೊತ್ತಾತು, ನಿಲ್ಲಿಸಿದ್ರು. ಅದು ಛಲೋ ಆತು. ಆದ್ರ ನಿಲ್ಲಸೂಕಿಂತ ಮೊದಲ ಹಾಕಿಸ್ಕೊಂಡಾಕಿ?’

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಇಲ್ಲ. ಪರೀಕ್ಷೆಯ ವ್ಯವಸ್ಥೆ ಸರಿಯಾಗಿ ಕೆಲಸ ಮಾಡಿತು ಅಂತ ನಾನು ಹೇಳಬಹುದು, ಅದು ನಿಜವೂ ಹೌದು. ಆದರೆ ಅವಳು ವ್ಯವಸ್ಥೆಯ ಬಗ್ಗೆ ಕೇಳಿರಲಿಲ್ಲ.

ಆಮೇಲೆ ಬಂದದ್ದು ನಿಜವಾದ ಮಾತು. ಪಕ್ಕದ ಮನೆಯವಳು ಸೆರಗಿನ ತುದಿ ಬೆರಳಿಗೆ ಸುತ್ತುತ್ತಾ ಅಂದಳು. ‘ಸೂಜಿಗೆ ನಾ ಹೆದರೂದಿಲ್ರಿ. ನಾಳೆ ಕೂಸಿಗೆ ಏನರ ಆತು ಅಂತ ತಿಳೀರಿ. ಸೂಜಿಯಿಂದ ಆತೋ, ಬ್ಯಾರೆದ್ರಿಂದ ಆತೋ ದೇವರಿಗೆ ಗೊತ್ತು. ಮನ್ಯಾಗ ಏನಂತಾರ? ನೀನ ಸಹಿ ಮಾಡಿ ಬಂದಿದ್ದಿ ಅಂತಾರ. ಸಾಯೂತನಕ ಅಂತಾರ.’

ಎಲ್ಲರೂ ‘ಹೌದ್ರಿ’ ಅಂದರು. ಅತ್ತೆಯೂ.

ನನಗೆ ನನ್ನ ನಾಲ್ಕನೇ ತಿಂಗಳು ನೆನಪಾಯಿತು. ಸ್ವಲ್ಪ ರಕ್ತ ಕಂಡಿತ್ತು. ಎರಡು ದಿನದಲ್ಲಿ ಸರಿಹೋಯಿತು. ಆ ಎರಡು ದಿನದಲ್ಲಿ ಬಂದ ಕಾರಣಗಳ ಪಟ್ಟಿ ಕೇಳಬೇಕು. ಪಪ್ಪಾಯಿ ತಿಂದಿರಬೇಕು. ಸ್ಕೂಟಿ ಮೇಲೆ ಕಾಲೇಜಿಗೆ ಹೋದದ್ದು. ಅಮಾವಾಸ್ಯೆ ದಿನ ಹೊರಗೆ ನಿಂತದ್ದು. ಒಬ್ಬ ದೂರದ ಸಂಬಂಧಿ ಫೋನ್ ಮಾಡಿ ನಾನು ಜಾಸ್ತಿ ಓದುವುದೇ ಕಾರಣ ಅಂದರು! ಎಲ್ಲದರಲ್ಲೂ ಮಾಡಿದವಳು ನಾನು. ಬಸುರು ಇಳಿದುಹೋಗುವುದು, ದಿನ ತುಂಬದೆ ಹುಟ್ಟುವುದು ಯಾವ ಸೂಜಿಯೂ ಇಲ್ಲದೆ ಎಷ್ಟೋ ಮನೆಗಳಲ್ಲಿ ಆಗುತ್ತದೆ. ಅದರಲ್ಲಿ ಸೂಜಿಯ ಪಾಲು ಎಷ್ಟು ಅಂತ ತಿಳಿಯುವುದಕ್ಕೇ ಚೀಟಿ ಎತ್ತುವುದು, ಉಪ್ಪುನೀರು ಕೊಡುವುದು, ಎರಡೂ ಗುಂಪು ಎಣಿಸುವುದು. ಆದರೆ ಅದು ಸಾವಿರಾರು ಜನರ ಲೆಕ್ಕ. ಒಬ್ಬಳ ಮನೆಯಲ್ಲಿ ಆ ಲೆಕ್ಕ ನಡೆಯುವುದಿಲ್ಲ. ಅಲ್ಲಿ ಒಂದೇ ಕೂಸು, ಒಂದೇ ಸಹಿ.

ಸೇರದೆ ಇದ್ದವಳನ್ನು ಯಾರೂ ಬೈಯುವುದಿಲ್ಲ, ನೋಡಿ. 2021ರಲ್ಲಿ ಲಸಿಕೆ ಇಲ್ಲದೆ ನನಗೆ ಏನಾದರೂ ಆಗಿದ್ದರೆ ಕೊರೋನಾಕ್ಕೆ ಹೋದಳು, ಪಾಪ ಅನ್ನುತ್ತಿದ್ದರು. ಹಾಕಿಸಿಕೊಂಡು ಏನಾದರೂ ಆಗಿದ್ದರೆ ಹಾಕಿಸಿಕೊಂಡಳು, ಅದಕ್ಕೇ ಹೋದಳು ಅನ್ನುತ್ತಿದ್ದರು. ಅಪಾಯಗಳ ಪುಟದಲ್ಲಿ ಸೂಜಿ ಚುಚ್ಚಿದ ಜಾಗದಲ್ಲಿ ನೋವು, ಜ್ವರ, ಸುಸ್ತು ಅಂತ ಎಲ್ಲ ಇತ್ತು. ಇದು ಇರಲಿಲ್ಲ. ಬರೆಯಿರಿ ಅಂತ ಹೇಗೆ ಸೂಚಿಸುವುದು ಅಂತಲೂ ತಿಳಿಯಲಿಲ್ಲ. ‘ಸೇರುವ ಮೊದಲು ಮನೆಯವರನ್ನೂ ಕೂರಿಸಿಕೊಂಡು ಮಾತಾಡಿ. ಏನಾದರೂ ಆದರೆ ಡಾಕ್ಟರೇ ಮನೆಗೆ ಬಂದು ಕಾರಣ ವಿವರಿಸಲಿ’ ಅಂತಷ್ಟೇ ಬರೆದೆ. ಸಹಿಯ ಜಾಗದಲ್ಲಿ ಗಂಡನ ಹೆಸರಿಗೆ ಗೆರೆ ಇಲ್ಲ ಅನ್ನುವುದನ್ನು ಮೂವರೂ ಗಮನಿಸಿದರು. ‘ಇದೊಂದು ಛಲೋ’ ಅಂದಳು ತಾಂಡಾದವಳು. ‘ಇದ ತ್ರಾಸಿಂದು’ ಅಂದಳು ಪಕ್ಕದ ಮನೆಯವಳು.

ಹನ್ನೊಂದನೇ ಪುಟಕ್ಕೆ ಬಂದಾಗ ಅತ್ತೆ ಪೂರ್ತಿ ನಮ್ಮ ಕಡೆ ತಿರುಗಿದರು. ಅಲ್ಲಿ ‘ಪರಿಹಾರ’ ಅನ್ನುವ ಶಬ್ದ ಇತ್ತು.

ಬಾಗಲಕೋಟೆಯವರ ಮುಂದೆ ಈ ಶಬ್ದ ಅಷ್ಟು ಸಲೀಸಾಗಿ ಆಡಬಾರದು. ನವನಗರ ಅಂದರೇನೇ ಆಲಮಟ್ಟಿ ಹಿನ್ನೀರಿಗೆ ಮನೆ ಬಿಟ್ಟುಕೊಟ್ಟವರಿಗಾಗಿ ಕಟ್ಟಿದ ಊರು. ಅತ್ತೆಯ ಹಳೇ ಮನೆ, ಮನೆ ಮುಂದಿನ ಬೇವಿನ ಮರ, ಕಟ್ಟೆ ಎಲ್ಲ ಈಗ ನೀರಿನ ಪಾಲು. ಆಗ ಎಷ್ಟು ಕಾಗದಕ್ಕೆ ಸಹಿ ಮಾಡಿದರು, ಎಷ್ಟು ಸಲ ಕಚೇರಿ ಮೆಟ್ಟಿಲು ಹತ್ತಿದರು ಅನ್ನುವುದು ನಮ್ಮ ಮನೆಯಲ್ಲಿ ಹಬ್ಬದ ಊಟದ ಜೊತೆ ಬಡಿಸುವ ಕಥೆ. ‘ಸಹಿ ಮಾಡೂತನಕ ಅವರ ನಮ್ಮ ಮನಿಗೆ ಬರ್ತಿದ್ರು. ಸಹಿ ಆದ ಮ್ಯಾಲೆ ನಾವ ಅವರ ಕಡೆ ಹೋಗೂದಾತು’ ಅಂತ ಅವರು ಯಾವಾಗಲೂ ಹೇಳುವ ಮಾತನ್ನೇ ಈಗಲೂ ಹೇಳಿದರು.

2019ರಲ್ಲಿ ನಮ್ಮ ದೇಶದಲ್ಲಿ ಔಷಧ ಪರೀಕ್ಷೆಗಳಿಗೆ ಹೊಸ ನಿಯಮ ಬಂದಿದೆ, ಅದರಲ್ಲಿ ಇದು ಬರೀ ಬಾಯಿಮಾತಲ್ಲ ಅಂದೆ. ಪರೀಕ್ಷೆಯಿಂದ ಹಾನಿಯಾದರೆ ಬೇಕಾದಷ್ಟು ದಿನ ಪುಕ್ಕಟೆ ಚಿಕಿತ್ಸೆ ಕೊಡಬೇಕು, ದುಡ್ಡೂ ಕೊಡಬೇಕು. ತಾಯಿ ಸೇರಿದ್ದರಿಂದ ಹೊಟ್ಟೆಯಲ್ಲಿರುವ ಕೂಸಿಗೆ ತೊಂದರೆಯಾದರೆ ಅದೂ ಈ ಲೆಕ್ಕಕ್ಕೆ ಬರುತ್ತದೆ. ಓದಲು ಬಾರದವಳಾದರೆ ಪರೀಕ್ಷೆಗೆ ಸಂಬಂಧವಿಲ್ಲದ ಸಾಕ್ಷಿ ಪಕ್ಕದಲ್ಲಿ ಇರಲೇಬೇಕು. ನಡುವೆ ಯಾವಾಗ ಬೇಕಾದರೂ ಬೇಡ ಅನ್ನಬಹುದು, ಅದಕ್ಕೆ ಯಾರೂ ಚಿಕಿತ್ಸೆ ನಿಲ್ಲಿಸುವಂತಿಲ್ಲ. ಇಂಥ ಪರೀಕ್ಷೆಗೆ ಒಪ್ಪಿಗೆ ಕೊಡುವ ನೈತಿಕ ಸಮಿತಿಯಲ್ಲಿ ಡಾಕ್ಟರಲ್ಲದ ಒಬ್ಬ ಸಾಮಾನ್ಯ ಮನುಷ್ಯರೂ ಇರಬೇಕು.

‘ಇಷ್ಟೆಲ್ಲಾ ಬರದಾರಂದ್ರ ಮೊದಲ ಏನೋ ಆಗೇತಿ’ ಅಂದರು ಅತ್ತೆ.

ಆಗಿತ್ತು. 2009ರಲ್ಲಿ ಆಗಿನ ಆಂಧ್ರದ ಖಮ್ಮಂ ಜಿಲ್ಲೆಯಲ್ಲಿ, ಗುಜರಾತಿನ ವಡೋದರಾದಲ್ಲಿ ಬಾಲಕಿಯರಿಗೆ ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆ ಹಾಕುವ ಒಂದು ಯೋಜನೆ ನಡೆಯಿತು. ಖಮ್ಮಂನಲ್ಲಿ ಎಷ್ಟೋ ಒಪ್ಪಿಗೆ ಪತ್ರಗಳಿಗೆ ಅಪ್ಪ ಅಮ್ಮ ಸಹಿ ಮಾಡಿರಲೇ ಇಲ್ಲ. ಹಾಸ್ಟೆಲ್ ವಾರ್ಡನ್‌ಗಳು ಮಾಡಿದ್ದರು. 2010ರಲ್ಲಿ ಯೋಜನೆ ನಿಂತಿತು, 2013ರಲ್ಲಿ ಸಂಸದೀಯ ಸಮಿತಿ ಕಟುವಾಗಿ ಬರೆಯಿತು. ಲಸಿಕೆ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ, ಆ ಲಸಿಕೆ ಒಳ್ಳೆಯದೇ. ಆದರೆ ಕೇಳದೆ ಹಾಕಿದ ಸೂಜಿಯ ಸುದ್ದಿ ಎಷ್ಟು ವರ್ಷ ಉಳಿಯುತ್ತದೆ ಅನ್ನುವುದಕ್ಕೆ ಅದು ಸಾಕ್ಷಿ.

ಇಷ್ಟು ಹೇಳಿದವಳು ಇನ್ನೊಂದನ್ನೂ ಹೇಳದಿದ್ದರೆ ಗೆಳತಿಗೆ ಅನ್ಯಾಯವಾಗುತ್ತದೆ. ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲೇ 2002ರಿಂದ 2005ರವರೆಗೆ ಒಂದು ಪರೀಕ್ಷೆ ನಡೆದಿತ್ತು. ಲಸಿಕೆಯದ್ದಲ್ಲ, ಗುಳಿಗೆಯದ್ದು. ಹೆರಿಗೆಯಾದ ಕೂಡಲೇ ರಕ್ತಸ್ರಾವ ತಡೆಯಲು ಮಿಸೊಪ್ರೊಸ್ಟಾಲ್ ಗುಳಿಗೆ. ಮನೆಯಲ್ಲೋ ಉಪಕೇಂದ್ರದಲ್ಲೋ ಹೆರಿಗೆ ಮಾಡಿಸುತ್ತಿದ್ದ ನರ್ಸ್‌ಗಳೇ ಕೊಟ್ಟರು. 1620 ಹೆಂಗಸರು ಸೇರಿದ್ದರು. ಅರ್ಧ ಜನರಿಗೆ ಔಷಧವಿಲ್ಲದ ಗುಳಿಗೆ. ಅವರಲ್ಲಿ ನೂರಕ್ಕೆ 12 ಜನರಿಗೆ ಜಾಸ್ತಿ ರಕ್ತ ಹೋಯಿತು, ಔಷಧ ಪಡೆದವರಲ್ಲಿ 6.4 ಜನರಿಗೆ. 2006ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಫಲಿತಾಂಶ ಬಂತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಬಳಕೆಯನ್ನು ತನ್ನ ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಬೇರೆ ಬೇರೆ ದೇಶಗಳ ಹೆಂಗಸರ ಜೊತೆ ನಮ್ಮ ಬೆಳಗಾವಿಯ ಹೆಂಗಸರೂ ಆ ಲೆಕ್ಕದಲ್ಲಿದ್ದಾರೆ.

‘ಅವರಿಗೆ ಯಾರರ ಬಂದು ಹೇಳಿದ್ರೇನು, ನಿಮ್ಮಿಂದ ಹಿಂಗಾತು ಅಂತ?’ ಕೇಳಿದಳು ನಾದಿನಿ. ಇದನ್ನೂ ಬರೆದುಕೊಂಡೆ. ಕರಡಿನ ಕೊನೆಗೆ ‘ಫಲಿತಾಂಶವನ್ನು ವೈಜ್ಞಾನಿಕ ಪತ್ರಿಕೆಗಳಲ್ಲಿ ಪ್ರಕಟಿಸಲಾಗುವುದು’ ಅಂತ ಇತ್ತು. ಪಾತ್ರೆ ತಿಕ್ಕುವಾಕೆಗೆ ಆ ಪತ್ರಿಕೆ ಯಾರು ತಂದುಕೊಡುತ್ತಾರೆ?

ಕೊನೇ ಪುಟದಲ್ಲಿ ಒಂದು ನಂಬರ್. ‘ಯಾವುದೇ ತೊಂದರೆಯಾದಲ್ಲಿ ದಿನದ 24 ಗಂಟೆಯೂ ಸಂಪರ್ಕಿಸಿ.’ ಓದಿ ಮುಗಿಸಿ ಕಾಗದ ಮಡಚಿದೆ.

‘ಫೋನ್ ಹಚ್ಚಿ ನೋಡು’ ಅಂದರು ಅತ್ತೆ.

‘ಯಾಕ್ರಿ ಅತ್ತಿ? ಇನ್ನೂ ಚಾಲೂನ ಆಗಿಲ್ಲ. ಇದು ಬರೇ ಕರಡು.’

‘ಇರಲಿ. ಹಚ್ಚು.’

ಹಚ್ಚಿದೆ. ಸ್ಪೀಕರ್ ಮೇಲೆ ಇಡಿಸಿದರು. ಎರಡು ರಿಂಗ್ ಆಗಿ ಒಂದು ಹೆಣ್ಣು ದನಿ ಇಂಗ್ಲಿಷ್‌ನಲ್ಲಿ ಒಂದು ಒತ್ತಿ, ಎರಡು ಒತ್ತಿ ಅಂದಿತು. ಒಂದು ಒತ್ತಿದೆ. ಸಂಗೀತ ಬಂತು. ಆಮೇಲೆ ಕಟ್ಟಾಯಿತು. ಅತ್ತೆ ಏನೂ ಅನ್ನಲಿಲ್ಲ. ಮೊರ ಎತ್ತಿಕೊಂಡು ಒಳಗೆ ಹೋಗಿ ಶೇಂಗಾ ಹುರಿಯಲು ಇಟ್ಟರು.

ಮೂವರಲ್ಲಿ ಯಾರು ಸೇರುತ್ತಿದ್ದರು ಅಂತ ಗೆಳತಿ ಆಮೇಲೆ ಕೇಳಿದಳು. ನಾದಿನಿ ‘ನಮ್ಮ ಡಾಕ್ಟರ್ ಮೇಡಂ ತಮ್ಮ ಮಗಳಿಗೂ ಹೂಂ ಅಂತಾರೇನು ಕೇಳಿ ನೋಡ್ತೀನಿ’ ಅಂದಿದ್ದಳು. ಪಕ್ಕದ ಮನೆಯವಳು ಬ್ಯಾಡ ಅಂದಳು. ತಾಂಡಾದವಳು ಜೋಪಡಿಗೆ ಬರುವುದಾದರೆ ಹೂಂ ಅಂದಳು. ಮೂರೂ ಉತ್ತರ ನನಗೆ ಸರಿಯೇ ಅನಿಸಿದವು. ನಾನಾಗಿದ್ದರೆ? 2021ರ ಮೇ ತಿಂಗಳಲ್ಲಿ ಕೇಳಿದ್ದರೆ ಓಡಿಹೋಗಿ ಸೇರುತ್ತಿದ್ದೆ. ಈಗ ಕೇಳಿದರೆ ಅಷ್ಟು ಬೇಗ ಹೇಳಲಾರೆ.

ನನ್ನ ಟಿಪ್ಪಣಿ ಒಂಬತ್ತು ಪುಟ ಆಯಿತು. ಗೆಳತಿ ಮೊದಲು ನಕ್ಕಳು, ಆಮೇಲೆ ಎರಡು ತಿಂಗಳು ಸುದ್ದಿ ಇಲ್ಲ. ನಾದಿನಿಗೆ ಗಂಡು ಕೂಸು ಆಯಿತು. ಒಂದು ದಿನ ಹೊಸ ಕರಡು ಬಂತು. ‘ಪ್ರಯೋಗ’ ಹೋಗಿ ‘ಲಸಿಕೆಯ ಪರೀಕ್ಷೆ’ ಆಗಿತ್ತು. ‘ಯಾದೃಚ್ಛಿಕ’ದ ಜಾಗದಲ್ಲಿ ಚೀಟಿ ಬಂದಿತ್ತು. ಎರಡು ಚಮಚ ರಕ್ತ. ಹೆರಿಗೆ ಬೇರೆ ಊರಲ್ಲಾದರೆ ಸಿಬ್ಬಂದಿಯೇ ಅಲ್ಲಿಗೆ ಬರುತ್ತಾರೆ ಅಂತ ಒಂದು ಸಾಲು. ಕಬ್ಬಿನ ಗದ್ದೆಯ ಜೋಪಡಿಗೂ ಬರುತ್ತಾರೋ ಅಂತ ಸ್ಪಷ್ಟ ಇರಲಿಲ್ಲ. ಮನೆಯವರ ಮಾತಿನ ಬಗ್ಗೆ ನಾನು ಬರೆದದ್ದು ಎಲ್ಲೂ ಕಾಣಲಿಲ್ಲ. ಕೊನೇ ಪುಟದಲ್ಲಿ ಬೇರೆ ನಂಬರ್ ಇತ್ತು, ಮೊಬೈಲ್ ನಂಬರ್.

ರಾತ್ರಿ ಒಂಬತ್ತೂವರೆ ಆಗಿತ್ತು. ಅತ್ತೆ ತೊಟ್ಟಿಲು ತೂಗುತ್ತಿದ್ದರು. ಅವರಿಗೆ ತೋರಿಸಿದೆ.

‘ಹಚ್ಚು’ ಅಂದರು.

ಮೂರನೇ ರಿಂಗಿಗೆ ಒಬ್ಬ ಹುಡುಗಿ ಎತ್ತಿದಳು. ನಿದ್ದೆಗಣ್ಣಿನ ದನಿ. ‘ಹಲೋ, ಯಾರ್ರಿ? ಹೇಳ್ರಿ.’

ಅತ್ತೆ ಫೋನ್ ಇಸಿದುಕೊಂಡರು. ‘ಏನಿಲ್ಲವ್ವಾ, ಎತ್ತತೀರೇನು ನೋಡಿದ್ನಿ. ಉಂಡಿ ಏನ?’